ಚಂದ್ರಮುಕುಟಕ್ಕೆ ಕಾದು ಕೂತದ್ದು

ಅಡಗಿ ಕೂತವನು ಹಕ್ಕಿಗೆ ಕಾಣಿಸದೆ ಇರಬಹುದು, ಊರಿಗೆ ಕಾಣಿಸದೆ ಇರಲಾರ. ನನಗಂತೂ ಇದು ಶುಕ್ರವಾರಕ್ಕೊಮ್ಮೆ ಆಗುತ್ತಲೇ ಇತ್ತು.

ಮಗಳ ಪಿಯುಸಿಗೆಂದು ಹೆಂಡತಿ ಮೈಸೂರಿಗೆ ಹೋಗಿ ಎರಡು ವರ್ಷ. ಇಲ್ಲಿ ಒಮಾನಿನಲ್ಲಿ, ರುಸೈಲ್‌ನ ಪೈಪ್ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ನಾನು ಬೌಷರ್‌ನ ಫ್ಲಾಟಿನಲ್ಲಿ ಒಬ್ಬನೇ. ಅವಳಿಗೆ ಹಕ್ಕಿಗಳ ಚಿತ್ರ ಬರೆಯುವ ಹುಚ್ಚು. ಇಲ್ಲಿದ್ದಾಗ ಶುಕ್ರವಾರ ಬಂತೆಂದರೆ ಇಬ್ಬರೂ ರುಸ್ತಾಕ್‌ನ ಒಂದು ಖರ್ಜೂರದ ತೋಟಕ್ಕೆ ಹೋಗುತ್ತಿದ್ದೆವು. ಅವಳಿಲ್ಲದ ಶುಕ್ರವಾರಗಳು ಬೇಗ ಮುಗಿಯುವುದಿಲ್ಲ.

ಮಗಳು ಈಗ ಇಂಜಿನಿಯರಿಂಗ್ ಹಾಸ್ಟೆಲ್ ಸೇರಿದ್ದಾಳೆ, ಇನ್ನು ಬಾ ಅಂದೆ. "ಚಂದ್ರಮುಕುಟ ಹಕ್ಕಿ ಜುಟ್ಟು ಬಿಚ್ಚಿ ನಿಂತಿರೋ ಫೋಟೊ ಕಳಿಸಿ, ಬರ್ತೀನಿ" ಅಂದಳು. ಅವಳು ತಮಾಷೆಗೆ ಅಂದದ್ದು. ನಾನು ಕ್ಯಾಮೆರಾ ಒರೆಸಿದೆ.

ಗರಿಯ ಮರೆ

ಅಡಗಿ ಕೂರಲು ಮರೆ ಯಾವುದಿರಬೇಕು? "ಅಲ್ಲಿ ಬಿದ್ದಿರೋದ್ರಲ್ಲೇ ಕಟ್ಟಿ. ಹಕ್ಕಿಗೆ ಹೊಸದೇನೂ ಕಾಣಬಾರದು" ಎಂದಳು ಫೋನಿನಲ್ಲಿ.

ರುಸ್ತಾಕ್‌ನ ಆ ತೋಟದ ಒಡೆಯರು ವಯಸ್ಸಾದ ಒಮಾನಿ. ನನ್ನ ಹಿಂದಿಗಿಂತ ಅವರ ಹಿಂದಿಯೇ ವಾಸಿ. ಖರ್ಜೂರದ ಒಣಗರಿಗಳನ್ನು ಅವರೇ ತೋರಿಸಿದರು. ನಾಲ್ಕು ಗರಿ ನಿಲ್ಲಿಸಿ, ಸಂದಿಗಳಿಗೆ ಮೇವಿನ ಹಸಿರು ಸೊಪ್ಪು ತುರುಕಿ ಒಳಗೆ ಕೂತೆ. ಹತ್ತು ನಿಮಿಷಕ್ಕೆ ಮರೆ ಅಲುಗಾಡಿತು. ಒಡೆಯರ ಆಡು ಸೊಪ್ಪನ್ನೆಲ್ಲ ತಿಂದು, ನನ್ನ ಲೆನ್ಸಿನೊಳಗೆ ಮುಖ ಇಟ್ಟಿತ್ತು. ಬೇರೇನೂ ಸಿಗದೆ ಅದರ ಫೋಟೊವನ್ನೇ ಹೆಂಡತಿಗೆ ಕಳಿಸಿದೆ.

"ಜುಟ್ಟಿಲ್ಲ, ಗಡ್ಡ ಇದೆ. ನಡೆಯಲ್ಲ" ಎಂದು ಉತ್ತರ ಬಂತು.

ಕೊಂಡ ಮರೆ

"ಗರಿ ಗಿರಿ ಎಲ್ಲ ಬೇಡ ಮಾರಾಯ್ರೆ, ಆನ್‌ಲೈನ್‌ನಲ್ಲಿ ರೆಡಿಮೇಡ್ ಸಿಗ್ತದೆ" ಎಂದರು ನಮ್ಮ ಸ್ಟೋರ್ಸಿನ ಮಂಗಳೂರಿನವರು. ತರಿಸಿದೆ. ಬಂದದ್ದು ಬಿಲ್ಲಿನಲ್ಲಿ ಬೇಟೆಯಾಡುವವರು ಅಡಗಿ ಕೂರುವ ಡೇರೆ. ಬಟ್ಟೆಯ ತುಂಬ ಯಾವುದೋ ಚಳಿದೇಶದ ಕಾಡಿನ ಎಲೆಗಳು. ಚೀಲದ ಮೇಲೆ ಬಿಲ್ಲು ಎಳೆದವನೊಬ್ಬ, ಎದುರಿಗೆ ಕೊಂಬಿನ ಜಿಂಕೆ.

ಒಡೆಯರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಬಿಲ್ಲು ಎಲ್ಲಿ?"

"ಬಿಲ್ಲಿಲ್ಲ ಬಾಬಾ, ಕ್ಯಾಮೆರಾ ಮಾತ್ರ."

"ನನ್ನ ತೋಟದಲ್ಲಿ ಕೊಂಬಿರೋದು ಆಡುಗಳಿಗೆ ಮಾತ್ರ" ಎಂದರು. ಎಲ್ಲ ಆಡುಗಳನ್ನೂ ಹೊಡೆದುಕೊಂಡು ಹೋಗಿ ತೋಟದ ಆಚೆ ತುದಿಯಲ್ಲಿ ಕಟ್ಟಿಹಾಕಿ ಬಂದರು. ನನ್ನ ಮೇಲೆ ಅಷ್ಟು ನಂಬಿಕೆ.

ಏಳು ಬಟ್ಟಲು

ಮುಂದಿನ ವಾರ ಡೇರೆಯೆದುರು ಚಂದ್ರಮುಕುಟ ಇಳಿಯಿತು. ಹತ್ತೇ ಹೆಜ್ಜೆ. ಮಣ್ಣು ಕೆದಕುತ್ತಿತ್ತು, ಜುಟ್ಟು ಇನ್ನೇನು ಏಳಬೇಕು, ಹಿಂದಿನ ಜಿಪ್ ಸರ್ರನೆ ತೆರೆಯಿತು. ಒಡೆಯರು, ಕೈಯಲ್ಲಿ ಖರ್ಜೂರ, ಕಾಫಿಯ ಫ್ಲಾಸ್ಕ್. ತಮ್ಮ ತೋಟದಲ್ಲಿ ಕೂತ ಅತಿಥಿ ಬರಿಬಾಯಲ್ಲಿರುವುದು ಅವರಿಗೆ ಆಗದು. ಹಕ್ಕಿ ಪಕ್ಕದ ಮರಕ್ಕೆ ಹಾರಿತು.

ಇಲ್ಲಿಯ ಕ್ರಮ ಗೊತ್ತಲ್ಲ, ಸಾಕಾದರೆ ಬಟ್ಟಲನ್ನು ಅಲ್ಲಾಡಿಸಬೇಕು, ಅಲ್ಲಿಯವರೆಗೆ ಸುರಿಯುತ್ತಲೇ ಇರುತ್ತಾರೆ. ಅಲ್ಲಾಡಿಸಿದರೆ ಹಕ್ಕಿ ಇನ್ನೂ ದೂರ ಹೋದೀತೆಂದು ನಾನು ಕಲ್ಲಿನಂತೆ ಕೂತೆ. ಏಳು ಬಟ್ಟಲಾಯಿತು. ಅವತ್ತು ಹಕ್ಕಿಯೂ ಮತ್ತೆ ಬರಲಿಲ್ಲ, ರಾತ್ರಿ ನಿದ್ದೆಯೂ ಬರಲಿಲ್ಲ.

ಎರಡೂ ಸೇರಿ

ಕೊನೆಗೆ ಕೊಂಡ ಡೇರೆಯ ಮೇಲೆ ತೋಟದ ಗರಿ ಹೊದಿಸಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಕಣ್ಣು ಮಿಟುಕಿಸದೆ ಕೂತೆ. ಹಕ್ಕಿಯ ಸುಳಿವಿಲ್ಲ. ಅವಳ ನೆನಪಾಯಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಮೊಬೈಲಿಗೆ ಫೋಟೊ ಬಂತು. ದೂರದಲ್ಲಿ ನಿಂತಿದ್ದ ಒಡೆಯರು ಕಳಿಸಿದ್ದು. ನನ್ನ ಡೇರೆಯ ನೆತ್ತಿಯ ಮೇಲೆ ಚಂದ್ರಮುಕುಟ, ಜುಟ್ಟು ಬೀಸಣಿಗೆಯಂತೆ ಬಿಚ್ಚಿತ್ತು.

ಅದನ್ನೇ ಹೆಂಡತಿಗೆ ರವಾನಿಸಿದೆ. ತಕ್ಷಣ ಫೋನ್ ಮಾಡಿದಳು.

"ಇದು ನೀವು ತೆಗೆದಿದ್ದಲ್ಲ."

"ಹೇಗೆ ಗೊತ್ತು?"

"ಕೆಳಗಡೆ ಕಿಟಕೀಲಿ ನಿಮ್ಮ ಮೂಗು ಕಾಣ್ತಿದೆ."

ನಾನು ಮೂಗನ್ನು ಕಿಟಕಿಯಿಂದ ಒಳಗೆಳೆದುಕೊಂಡೆ. ಅವಳು ಫೋಟೊವನ್ನು ದೊಡ್ಡದು ಮಾಡಿ ನೋಡಿದಳೆಂದು ಕಾಣುತ್ತದೆ.

"ಮೂಗು ಬಿಟ್ಟು ಮುಖದಲ್ಲಿ ಬೇರೇನೂ ಉಳಿದಿಲ್ಲವಲ್ರೀ, ಇಷ್ಟು ಇಳಿದುಹೋಗಿದ್ದೀರ. ಬರ್ತೀನಿ, ಮುಂದಿನ ವಾರವೇ."

ಕಣ್ಣೊರೆಸಿಕೊಂಡು ಡೇರೆಯಿಂದ ಹೊರಬಿದ್ದೆ. ಷರತ್ತಿನ ಕತೆಯನ್ನೆಲ್ಲ ಒಡೆಯರಿಗೆ ಒಪ್ಪಿಸಿದೆ. ಅವರು ಡೇರೆಯನ್ನು ನೋಡಿದರು, ಗರಿಯನ್ನು ನೋಡಿದರು, ನನ್ನನ್ನು ನೋಡಿದರು.

"ಹೆಂಡತಿ ಬರಲಿ ಅಂತಲಾ ಇಷ್ಟೆಲ್ಲ? ಮೊದಲೇ ಹೇಳಬಾರದಾ? ಕಾಫಿಗೆ ಬಾ ಮಗಳೇ ಅಂತ ನಾನೇ ಕರೀತಿದ್ದೆ."