ಕಂಬಳಣ್ಣನ ಒಂದು ಕೆಜಿ

“ಅಲ್ಲಾ, ಈ ಒಂದು ಕೆಜಿ ನನ್ನ ಮೈಯಲ್ಲಿ ಎಲ್ಲಿ ಅಡಗಿ ಕೂತಿದೆ?”

ಬೆಳಗಿನ ಆರೂವರೆಗೆ, ಬಚ್ಚಲುಮನೆಯ ಮೂಲೆಯಲ್ಲಿ ತೂಕದ ಯಂತ್ರದ ಮೇಲೆ ನಿಂತು ಕಂಬಳಣ್ಣ ಕೇಳಿದ. ಕೇಳಿದ್ದು ಯಾರನ್ನೂ ಅಲ್ಲ. ಅಲ್ಲಿ ಬಕೆಟ್ಟು, ಚೊಂಬು, ಒಂದು ಒದ್ದೆ ಟವೆಲು ಬಿಟ್ಟರೆ ಉತ್ತರ ಕೊಡುವವರು ಇರಲಿಲ್ಲ. ಯಂತ್ರದ ಮುಳ್ಳು ನೂರಾ ಹನ್ನೊಂದರ ಗೆರೆಯ ಮೇಲೆ ಕಾವಲಿಗೆ ನಿಂತವನ ಹಾಗೆ ನಿಂತಿತ್ತು. ಅವನು ಉಸಿರು ಪೂರ್ತಿ ಬಿಟ್ಟು ನೋಡಿದ. ನೆಟ್ಟಗಿದ್ದ ಎಡಗಾಲೊಂದರಲ್ಲೇ ನಿಂತು ನೋಡಿದ. ಮುಳ್ಳು ಮರ್ಯಾದೆಗೂ ಕದಲಲಿಲ್ಲ.

ಅವನ ಬಲಮಂಡಿ ಸವೆದು ನಾಲ್ಕು ವರ್ಷವಾಗಿತ್ತು. ಮಂಡಿಯ ಡಾಕ್ಟರು ಆ ಆಸ್ಪತ್ರೆಗೆ ಬರುತ್ತಿದ್ದುದು ಮೂರು ತಿಂಗಳಿಗೊಂದು ದಿನ; ಬಂದ ದಿನ ಸಂಜೆ ಐದಕ್ಕೆ ಆಪರೇಷನ್ನಿನ ಪಟ್ಟಿ ಮುಚ್ಚಿ ಹೊರಟುಬಿಡುತ್ತಿದ್ದರು. ಹದಿನೈದು ತಿಂಗಳ ಹಿಂದೆ ಅವರು ಇವನ ತೂಕ ನೂರಾ ಮೂವತ್ತೆಂಟು ಎಂದು ಓದಿ, “ನೂರಾ ಹತ್ತಕ್ಕೆ ಇಳಿದು ಬನ್ನಿ, ಹೆಸರು ಬರೀತೀನಿ. ಅದರ ಮೇಲೆ ಒಂದು ಗ್ರಾಂ ಇದ್ದರೂ ಬರೆಯೋದಿಲ್ಲ” ಎಂದು ಹೇಳಿ, ಇವನನ್ನು ತೂಕದ ವಿಭಾಗದ ಸಿಸ್ಟರಿಗೆ ಒಪ್ಪಿಸಿದ್ದರು.

ಸಿಸ್ಟರ್ ಆಗ ಕೇಳಿದ್ದರು, “ತಿಂಗಳಿಗೆ ಎಷ್ಟು ಇಳೀಬಹುದು ಅಂತ ಅಂದ್ಕೊಂಡಿದೀರಿ?”

“ಒಂದು ಇಪ್ಪತ್ತು?”

ಸಿಸ್ಟರ್ ಪೆನ್ನು ಕೆಳಗಿಟ್ಟರು. “ಎರಡು. ಕೆಲವು ತಿಂಗಳು ಒಂದು. ಕೆಲವು ತಿಂಗಳು ಸೊನ್ನೆ. ಸೊನ್ನೆ ಬಂದಾಗ ಯಂತ್ರ ಒದೀಬಾರದು, ಉಪವಾಸ ಬೀಳಬಾರದು. ಮೈ ಬೆಳೆಸೋಕೆ ಹದಿನೈದು ವರ್ಷ ತಗೊಂಡಿದೀರಿ. ಇಳಿಸೋಕೆ ಒಂದೂಕಾಲು ವರ್ಷ ಆದರೂ ಕೊಡಿ.”

ಕಂಬಳಣ್ಣ ಕೊಟ್ಟ. ತಟ್ಟೆಯಲ್ಲಿ ಅರ್ಧ ತರಕಾರಿ, ಸಂಜೆ ಕೆರೆಯ ಸುತ್ತ ಕುಂಟುತ್ತಾ ಒಂದು ಸುತ್ತು, ತಿಂಗಳ ಮೊದಲ ದಿನ ಮಾತ್ರ ತೂಕ. ಯಾಕೆಂದರೆ ಅವನಿಗೆ ಬೇಕಾಗಿದ್ದುದು ಬೆಟ್ಟ ಹತ್ತುವುದಲ್ಲ, ಚಾಪೆಯ ಮೇಲೆ ಕೂರುವುದು. ಅವನ ಅಮ್ಮ ದಿನಾ ಮುಸ್ಸಂಜೆಗೆ ಗೋಡೆಯ ಪಕ್ಕ ಚಾಪೆ ಹಾಸಿ ನೂರೆಂಟು ಸಾಲಿನ ಪ್ರಾರ್ಥನೆ ಹೇಳುತ್ತಿದ್ದಳು. ಮಗುವಾಗಿದ್ದಾಗ ಅವಳ ತೊಡೆಗೆ ಒರಗಿ ಅದನ್ನೆಲ್ಲ ಕಲಿತವನು ಈಗ ಮಂಡಿ ಮಡಿಸಲಾಗದೆ ಕುರ್ಚಿಯಲ್ಲಿ, ಚಾಪೆಯ ಹತ್ತಿರ ಕುರ್ಚಿ ತರಬಾರದೆಂಬ ಅಮ್ಮನ ನಿಯಮದಿಂದ ಎಂಟು ಅಡಿ ದೂರದಲ್ಲಿ ಕೂರುತ್ತಿದ್ದ. ಅಮ್ಮನಿಗೆ ಎಂಬತ್ತಮೂರು. ದನಿ ದಾರದಷ್ಟು ಸಣ್ಣಗಾಗಿತ್ತು. ಕುರ್ಚಿಯವರೆಗೆ ರಾಗ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಇವತ್ತು ಡಾಕ್ಟರು ಬರುವ ದಿನ; ಹೆಸರು ಬರೆಯದಿದ್ದರೆ ಇನ್ನು ಮೂರು ತಿಂಗಳು. ಮೂರು ತಿಂಗಳು ಅವನಿಗೆ ದೊಡ್ಡದಲ್ಲ. ಆ ದನಿಗೆ ಎಷ್ಟು ದೊಡ್ಡದು ಎಂದು ಅವನಿಗೆ ಗೊತ್ತಿರಲಿಲ್ಲ.

“ಎಷ್ಟಿದೆ?” ಹೆಂಡತಿ ಅಡುಗೆಮನೆಯಿಂದ ಕೇಳಿದಳು.

“ನೂರಾ ಹನ್ನೊಂದು. ಮುಗೀತು ನನ್ನ ಕತೆ.”

“ಏನೂ ಮುಗಿದಿಲ್ಲ, ಬಂದು ತಿಂಡಿ ತಿನ್ನಿ. ನಾಲ್ಕಕ್ಕೆ ನಾನೂ ಆಸ್ಪತ್ರೆಗೆ ಬರ್ತೀನಿ.”

ಅವಳ ದನಿಯಲ್ಲಿ ಎಳ್ಳಷ್ಟೂ ಗಾಬರಿ ಇರಲಿಲ್ಲ. ಅದೇ ಅವನಿಗೆ ಸಿಟ್ಟು ತರಿಸಿತು. “ನಿನಗೇನು, ಮಂಡಿ ನಿಂದಾ?” ಎಂದವನು ತಿಂಡಿಯ ತಟ್ಟೆಯನ್ನು ಕಣ್ಣೆತ್ತಿ ನೋಡದೆ, ಒಂದು ಲೋಟ ನೀರನ್ನೂ ಕುಡಿಯದೆ ಕೆಲಸಕ್ಕೆ ಹೊರಟ. ನೀರಿಗೂ ತೂಕವಿದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಕೆಲಸಕ್ಕಿದ್ದುದು ಲಾಂಡ್ರಿಯಲ್ಲಿ.

ದೊಡ್ಡ ಲಾಂಡ್ರಿ. ಹೋಟೆಲುಗಳ ಹಾಸುಹೊದಿಕೆ, ಟವೆಲು, ಪರದೆ ಎಲ್ಲ ಗಂಟುಗಂಟಾಗಿ ಬರುತ್ತಿದ್ದವು. ಬಂದ ಬಟ್ಟೆಗೆ ನಂಬರಿನ ಚೀಟಿ ಹೊಲಿಯುವುದು ಇವನ ಕೆಲಸ. ಅಲ್ಲಿಗೆ ಬರುವ ಬಟ್ಟೆಗಳಲ್ಲೆಲ್ಲ ತೂಕದ್ದು ಎರಡು ಪದರದ ಕಂಬಳಿ. ಅದನ್ನು ನೋಡಿಯೇ ಇಸ್ತ್ರಿ ಮಾಸ್ತರ ಇವನಿಗೆ ಕಂಬಳಣ್ಣ ಎಂದು ಹೆಸರಿಟ್ಟಿದ್ದ. ಇಪ್ಪತ್ತೇಳು ಕೆಜಿ ಇಳಿದರೂ ಹೆಸರು ಇಳಿದಿರಲಿಲ್ಲ.

“ಯಾಕೋ ಮುಖ ಹಿಂಡಿದ ಹಾಗಿದೆ?” ಮಾಸ್ತರ ಕೇಳಿದ.

ಕಂಬಳಣ್ಣ ಒಂದು ಕೆಜಿಯ ಸಂಕಟ ಹೇಳಿಕೊಂಡ. ಹೇಳಬಾರದಿತ್ತು. ಒಗೆಯುವ ಯಂತ್ರ ನೋಡಿಕೊಳ್ಳುವ ಅಕ್ಕ ಸೋಪಿನ ಕೈ ಒರೆಸಿಕೊಂಡು ಹತ್ತಿರ ಬಂದಳು.

“ತಲೆ ಬೋಳಿಸ್ಕೊಂಡುಬಿಡಪ್ಪ. ಕೂದಲೂ ತೂಕವೇ.”

“ಇದ್ದರೆ ತಾನೇ ಅಕ್ಕಾ, ಬೋಳಿಸೋಕೆ?” ಎಂದು ಕಂಬಳಣ್ಣ ತಲೆ ಬಗ್ಗಿಸಿ ತೋರಿಸಿದ.

“ಅದೂ ಹೌದು. ಅಲ್ಲಿ ಆಗಲೇ ಇಳಿಸಿಬಿಟ್ಟಿದೀಯ.”

ಮಾಸ್ತರ ಮಾತ್ರ ನಗಲಿಲ್ಲ. ಮೂವತ್ತು ವರ್ಷ ಬಟ್ಟೆಯ ನೀರು ತೆಗೆದವನು. ಲೋಕದಲ್ಲಿ ಒಣಗಿಸಿದರೆ ಸರಿಹೋಗದ ತೊಂದರೆ ಇದೆ ಎಂದು ಅವನು ನಂಬಿರಲಿಲ್ಲ.

“ನೋಡಯ್ಯ, ಒದ್ದೆ ಕಂಬಳಿ ಆರು ಕೆಜಿ. ಒಣಗಿಸುವ ಕೋಣೆಯಲ್ಲಿ ನೇತು ಹಾಕಿದರೆ ಮೂರು ಕೆಜಿ. ಕಂಬಳಿ ಏನಾದ್ರೂ ಸವೀತಾ? ಇಲ್ಲ. ನೀರು ಹೋಯ್ತು, ಅಷ್ಟೇ. ಮನುಷ್ಯನಲ್ಲೂ ಮುಕ್ಕಾಲು ಪಾಲು ನೀರೇ ಅಂತಾರೆ. ನಿನ್ನಲ್ಲಿ ಒಂದು ಕೆಜಿ ತೆಗೆಯೋದು ದೊಡ್ಡ ಮಾತಾ?”

“ಸಿಸ್ಟರ್ ತಾಳ್ಮೆ ಇರಲಿ ಅಂದಿದ್ರು ಮಾಸ್ತರೇ.”

“ತಾಳ್ಮೆ ಇರಲಿ ಕಣಯ್ಯ, ಬೇಡ ಅಂದವರ್ಯಾರು? ಇಪ್ಪತ್ತು ನಿಮಿಷ ತಾಳ್ಮೆಯಿಂದ ಒಳಗೆ ಕೂತಿರು.”

ಇಳಿದದ್ದು ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ಬಂತು. ಲಾಂಡ್ರಿಯಲ್ಲಿ ಇದ್ದುದು ಸೂರಿನಿಂದ ಇಳಿಬಿಟ್ಟ ಕೊಕ್ಕೆಯ ತಕ್ಕಡಿ, ಐವತ್ತು ಕೆಜಿಯ ಗಂಟು ತೂಗುವುದು. ಕಂಬಳಣ್ಣನನ್ನು ಅದಕ್ಕೆ ನೇತುಹಾಕಿದರೆ ತೂಕ ತಿಳಿಯುವ ಮೊದಲು ಸೂರು ಕೆಳಗೆ ಬರುತ್ತಿತ್ತು. ಅದಕ್ಕೂ ಮಾಸ್ತರ ದಾರಿ ಹೇಳಿದ. ಆರು ಒಣ ಟವೆಲು ತೂಗಿದ. ಸರಿಯಾಗಿ ಮೂರು ಕೆಜಿ. “ಇವನ್ನ ಮೈಗೆ ಸುತ್ತಿಕೊ. ಹೊರಗೆ ಬಂದ ಮೇಲೆ ಮತ್ತೆ ತೂಗ್ತೀನಿ. ಟವೆಲಿಗೆ ಬಂದ ನೀರು, ನಿನ್ನ ಮೈಯಿಂದ ಹೋದ ನೀರು. ಲೆಕ್ಕ ತಪ್ಪೋದಿಲ್ಲ.”

ಮಧ್ಯಾಹ್ನ ಎರಡಕ್ಕೆ ಕಂಬಳಣ್ಣ ಬನಿಯನ್ನು, ಚಡ್ಡಿ, ಆರು ಟವೆಲುಗಳಲ್ಲಿ ಒಣಗಿಸುವ ಕೋಣೆ ಹೊಕ್ಕ. ಎರಡೂ ಕಡೆ ಹೋಟೆಲಿನ ಹಾಸುಗಳು ಸಾಲಾಗಿ ನೇತಾಡುತ್ತಿದ್ದವು. ನಡುವೆ ಒಂದು ಸ್ಟೂಲು. ಬಿಸಿಗಾಳಿ ಅವನ ಮುಖವನ್ನು ಹಳೆಯ ಗೆಳೆಯನ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡಿತು.

ಒಳಗೆ ಗಡಿಯಾರವಿರಲಿಲ್ಲ. ಆದರೆ ಅವನ ಬಳಿ ಅದಕ್ಕಿಂತ ಗಟ್ಟಿಯಾದದ್ದಿತ್ತು. ಅಮ್ಮನ ನೂರೆಂಟು ಸಾಲು ನಿಧಾನವಾಗಿ ಹೇಳಿದರೆ ಸರಿಯಾಗಿ ಇಪ್ಪತ್ತು ನಿಮಿಷ. ಕಣ್ಣು ಮುಚ್ಚಿ, ದನಿಯೆತ್ತಿ ಶುರು ಮಾಡಿದ. ಹೊರಗೆ ಮಾಸ್ತರನೂ ಅಕ್ಕನೂ ಬಾಗಿಲಿಗೆ ಕಿವಿಯಿಟ್ಟರು.

“ಎಷ್ಟು ಚೆನ್ನಾಗಿ ಹೇಳ್ತಾನೆ! ಮೈ ನೋಡಿ ಮನುಷ್ಯನನ್ನ ಅಳೀಬಾರದು ನೋಡಿ,” ಎಂದಳು ಅಕ್ಕ.

ನಲವತ್ತೊಂದನೆಯ ಸಾಲಿನವರೆಗೆ ಎಲ್ಲ ಸರಿಯಿತ್ತು. ನಲವತ್ತೆರಡನೆಯದು ಬರಲಿಲ್ಲ. ಬೆವರು ಕಣ್ಣಿಗಿಳಿದು, ನಾಲಗೆ ಅಂಗುಳಕ್ಕೆ ಅಂಟಿ, ಸಾಲು ಎಲ್ಲೋ ಆವಿಯಾಗಿ ಹೋಗಿತ್ತು. ಬೇರೆಯವರಾಗಿದ್ದರೆ ನಲವತ್ತಮೂರಕ್ಕೆ ಹಾರುತ್ತಿದ್ದರು. ಆದರೆ ಅಮ್ಮ ಕಲಿಸಿದ ಕ್ರಮ ಬೇರೆ: ಒಂದು ಸಾಲು ತಪ್ಪಿದರೆ ಮೊದಲಿನಿಂದ. ಕಂಬಳಣ್ಣ ಕೈಮುಗಿದು ತಪ್ಪಾಯಿತೆಂದು ಹೇಳಿ ಮೊದಲಿನಿಂದ ಶುರು ಮಾಡಿದ. ಎರಡನೆಯ ಸಲ ಎಪ್ಪತ್ತರಲ್ಲಿ ತಪ್ಪಿತು. ಮತ್ತೆ ಮೊದಲಿನಿಂದ. ಮೂರನೆಯ ಸಲ ನೂರಾ ಏಳಕ್ಕೆ ಬಂದು ತಪ್ಪಿತು.

ಹೊರಗೆ ಮಾಸ್ತರ ಗಡಿಯಾರ ನೋಡಿದ. “ನಲವತ್ತು ನಿಮಿಷ ಆಯ್ತಲ್ಲ. ತೆಗೀಲಾ?”

“ಪ್ರಾರ್ಥನೆ ನಡುವೆ ಬಾಗಿಲು ತೆಗೀತೀರಾ? ಪಾಪ ಬರುತ್ತೆ!” ಎಂದು ಅಕ್ಕ ಅವನ ಕೈ ಹಿಡಿದಳು. “ಇನ್ನೂ ಹೇಳ್ತಾನೇ ಇದಾನೆ ಅಂದ್ರೆ ಗಟ್ಟಿಯಾಗಿದಾನೆ ಅಂತಲೇ.”

ಮೂರು ಗಂಟೆ ದಾಟಿ ಐದು ನಿಮಿಷಕ್ಕೆ ನೂರೆಂಟನೆಯ ಸಾಲು ಮುಗಿಯಿತು. ಬಾಗಿಲು ತೆರೆದು ಬಂದ ಕಂಬಳಣ್ಣ ಬೇಯಿಸಿದ ಬೀಟ್‌ರೂಟಿನ ಬಣ್ಣದಲ್ಲಿದ್ದ. ಮಾಸ್ತರ ಅವನ ಕಡೆ ನೋಡದೆ ಟವೆಲುಗಳ ಕಡೆ ಓಡಿದ. ಕೊಕ್ಕೆಗೆ ಸಿಕ್ಕಿಸಿದ. ನಾಲ್ಕೂವರೆ ಕೆಜಿ!

“ಒಂದೂವರೆ ಇಳಿದಿದೀಯ ಕಣಯ್ಯ! ನೂರಾ ಒಂಬತ್ತೂವರೆ! ಅರ್ಧ ಕೆಜಿ ಉಳಿಕೆ!”

“ನೀರು,” ಎಂದ ಕಂಬಳಣ್ಣ.

“ನೀರಾ? ತೆಗೆದದ್ದನ್ನ ಮತ್ತೆ ತುಂಬ್ತೀಯಾ? ತೂಗಿದ ಮೇಲೆ ಕುಡಿಯುವಿಯಂತೆ, ನಡಿ.”

ಅವನ ಅಂಗಿ ಪ್ಯಾಂಟುಗಳನ್ನು ಅಕ್ಕ ಅಷ್ಟರಲ್ಲಿ, ಹೇಗೂ ಒಳಗಿದ್ದಾನಲ್ಲ ಎಂದು ಯಂತ್ರಕ್ಕೆ ಹಾಕಿಬಿಟ್ಟಿದ್ದಳು. ಎರಡು ವರ್ಷದಿಂದ ಯಾರೂ ಬಂದು ಒಯ್ಯದ ಬಟ್ಟೆಗಳ ಕಪಾಟಿನಿಂದ ಮಾಸ್ತರ ಒಂದು ತೆಳು ಪ್ಯಾಂಟು, ಮಂಡಿಯವರೆಗಿನ ಒಂದು ಬಿಳಿ ಕೋಟು ತೆಗೆದು ಕೊಟ್ಟ. “ಎರಡೂ ಸೇರಿ ನಾನೂರು ಗ್ರಾಂ ಇಲ್ಲ. ಹೂವಿನ ಹಾಗೆ ಹೋಗಿ ಬಾ.”

ಹೂವು ಆಟೋದಿಂದ ಇಳಿದು ಗೋಡೆ ಹಿಡಿದುಕೊಂಡು ಆಸ್ಪತ್ರೆಯ ಓಣಿಯಲ್ಲಿ ನಡೆಯಿತು. ಬೆಂಚಿನ ಮೇಲಿದ್ದ ಮುದುಕರೊಬ್ಬರು ಬಿಳಿ ಕೋಟು ಕಂಡದ್ದೇ ಎದ್ದು ನಿಂತು ನಾಲಗೆ ಚಾಚಿದರು.

“ಡಾಕ್ಟ್ರೇ, ಹೇಗಿದೆ ನೋಡಿ?”

ಕಂಬಳಣ್ಣ ನೋಡಿದ. “ಒದ್ದೆಯಾಗಿದೆ. ಪುಣ್ಯವಂತರು ನೀವು,” ಎಂದು ಮುಂದೆ ಹೋದ. ಮುದುಕರು ಸಮಾಧಾನದಿಂದ ಕೂತರು.

ತೂಕದ ವಿಭಾಗದ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. “ಏನ್ರೀ ಇದು ವೇಷ? ಹಿಂಡಿ ಒಣಹಾಕಿದ ಹಾಗಿದೀರಲ್ಲ!”

“ಹಾಗೇ ಮಾಡಿದ್ದು ಕಣೆ,” ಎಂದವನು ನೇರ ಯಂತ್ರದ ಮೇಲೆ ಹತ್ತಿದ.

ಆಸ್ಪತ್ರೆಯದು ಕೆಂಪು ಅಂಕಿ ಹೊಳೆಯುವ ಯಂತ್ರ. ಅಂಕಿಗಳು ಓಡಾಡಿ ನಿಂತವು. ಸಿಸ್ಟರ್ ಬಗ್ಗಿ ಓದಿದರು, “ನೂರಾ ಏಳೂವರೆ. ಶಾಭಾಸ್!”

ಕಂಬಳಣ್ಣನಿಗೆ ಮೊದಲು ಖುಷಿಯಾಯಿತು. ಆಮೇಲೆ ಲಾಂಡ್ರಿಯ ಲೆಕ್ಕ ನೆನಪಾಯಿತು. “ಇಲ್ಲ ಸಿಸ್ಟರ್, ನೂರಾ ಒಂಬತ್ತೂವರೆ ಇರಬೇಕು. ಬೆಳಗ್ಗೆ ಮನೇಲಿ ನೂರಾ ಹನ್ನೊಂದಿತ್ತು. ಟವೆಲಿಗೆ ಹೋದದ್ದು ಒಂದೂವರೆ. ಇನ್ನೆರಡು ಕೆಜಿ ಎಲ್ಲಿ ಹೋಯ್ತು?”

ಸಿಸ್ಟರಿಗೆ ಟವೆಲಿನ ಮಾತು ಅರ್ಥವಾಗಲಿಲ್ಲ. ಹೆಂಡತಿ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಗೋಡೆಯ ಮೇಲಿನ ತರಕಾರಿಗಳ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

“ಅದು... ಎಲ್ಲೂ ಹೋಗಿಲ್ಲ ರೀ. ಇರಲೇ ಇಲ್ಲ.”

“ಅಂದ್ರೆ?”

“ಆರು ತಿಂಗಳ ಹಿಂದೆ ಇಲ್ಲಿ ತೂಗಿದಾಗ ಸಿಸ್ಟರ್ ನಿಮ್ಮನ್ನ ಹೊಗಳಿದ್ರಲ್ಲ? ಮಾರನೇ ದಿನದಿಂದ ನೀವು ಕೆರೆ ಕಡೆ ತಲೆ ಹಾಕಲಿಲ್ಲ. ಆಗ ನಾನು ನಮ್ಮ ಯಂತ್ರದ ಕೆಳಗಿನ ಸಣ್ಣ ಚಕ್ರ ತಿರುಗಿಸಿ ಎರಡು ಕೆಜಿ ಮುಂದಿಟ್ಟೆ. ಮನೆ ಗಡಿಯಾರ ಹತ್ತು ನಿಮಿಷ ಮುಂದಿಡೋದಿಲ್ವಾ, ಕೆಲಸಕ್ಕೆ ತಡ ಆಗದ ಹಾಗೆ? ಹಾಗೇ.”

ಕಂಬಳಣ್ಣ ಯಂತ್ರದಿಂದ ಕೆಳಗಿಳಿದ.

“ಹಾಗಾದ್ರೆ ಬೆಳಗ್ಗೆ ನಾನು...”

“ನೂರಾ ಒಂಬತ್ತೇ ಇದ್ರಿ. ಇಲ್ಲೇ ಗೊತ್ತಾಗಲಿ, ಖುಷಿಪಡಲಿ ಅಂತ ಸುಮ್ಮನಿದ್ದೆ. ತಿಂಡಿ ತಿನ್ನಿ ಅಂತ ಹೇಳಿದೆ ತಾನೆ? ನಿಂತು ಕೇಳಿದ್ರಾ?”

ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಕಂಬಳಣ್ಣ ಎರಡನ್ನೂ ಬಿಟ್ಟು ಗಡಿಯಾರ ನೋಡಿದ. ನಾಲ್ಕೂಕಾಲು. ಹೇಗೂ ನೂರಾ ಹತ್ತರ ಕೆಳಗಿದ್ದಾನೆ. ಪಟ್ಟಿ ಇನ್ನೂ ತೆರೆದಿದೆ. “ಸರಿ ಸಿಸ್ಟರ್, ಹೆಸರು ಬರೆದುಬಿಡಿ.”

“ಬರೀತೀನಿ. ರಕ್ತದೊತ್ತಡ ನೋಡಿ ಬರೀತೀನಿ.”

ತೋಳಿಗೆ ಪಟ್ಟಿ ಸುತ್ತಿದರು. ಗಾಳಿ ತುಂಬಿದರು. ಮತ್ತೊಮ್ಮೆ ತುಂಬಿದರು. ಅವರ ಹುಬ್ಬುಗಳು ಒಂದಕ್ಕೊಂದು ಹತ್ತಿರವಾದವು. ನಾಡಿ ಹಿಡಿದು ನೋಡಿದರು; ಅದು ಬಸ್ಸು ತಪ್ಪಿದವನ ಹಾಗೆ ಓಡುತ್ತಿತ್ತು. ಅವನ ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಅದು ಇಸ್ತ್ರಿ ಕಾಣದ ಅಂಗಿಯ ಮಡಿಕೆಯ ಹಾಗೆ ಎದ್ದೇ ನಿಂತಿತು.

“ಬೆಳಗ್ಗೆಯಿಂದ ಎಷ್ಟು ನೀರು ಕುಡಿದಿದೀರಿ?”

“ಕುಡಿದಿಲ್ಲ. ತೆಗೆಸಿದೀನಿ.”

ಕತೆಯನ್ನೆಲ್ಲ ಕೇಳಿದ ಸಿಸ್ಟರ್ ಎದ್ದು ಒಳಗೆ ಹೋಗಿ ಮಂಡಿಯ ಡಾಕ್ಟರಿಗೆ ಹೇಳಿ ಬಂದರು. ಡಾಕ್ಟರಿಗೆ ಇಲ್ಲವೆನ್ನಲು ಬೇಕಾದದ್ದು ಒಂದೇ ನಿಮಿಷ. ಹೆಸರು ಬರೆಯಬೇಕಾದರೆ ಆ ದಿನದ ರಕ್ತ, ಮೂತ್ರ, ಒತ್ತಡ ಎಲ್ಲ ಸರಿಯಿರಬೇಕು. ಇವನಲ್ಲಿ ಒತ್ತಡ ನೆಲ ಕಚ್ಚಿತ್ತು. ಪರೀಕ್ಷೆಗೆ ಕೊಡಲು ಮೂತ್ರವಂತೂ ಒಂದು ತೊಟ್ಟೂ ಇರಲಿಲ್ಲ.

“ಬಾಟಲಿ ಹಾಕಿ ಮಲಗಿಸ್ತೀವಿ. ಸರಿಹೋಗೋಕೆ ರಾತ್ರಿ ಆಗುತ್ತೆ. ಅವರು ಐದಕ್ಕೆ ಹೊರಡ್ತಾರೆ. ಇನ್ನು ಮೂರು ತಿಂಗಳಿಗೆ ಬನ್ನಿ,” ಎಂದರು ಸಿಸ್ಟರ್. ಮಂಚದ ಕಡೆ ಕೈ ತೋರಿಸುತ್ತಾ, ಸ್ವಲ್ಪ ಮೆತ್ತಗೆ ಹೇಳಿದರು, “ಹದಿನೈದು ತಿಂಗಳು ಕಾದಿರಿ. ಇನ್ನೆರಡು ಗಂಟೆ ಕಾಯೋಕೆ ಆಗಲಿಲ್ವಾ?”

ಕಂಬಳಣ್ಣ ಮಲಗಿದ. ತಲೆಯ ಮೇಲೆ ನೇತುಹಾಕಿದ ಬಾಟಲಿಯಿಂದ, ಇಡೀ ಮಧ್ಯಾಹ್ನ ಕಷ್ಟಪಟ್ಟು ತೆಗೆಸಿದ ನೀರು ತೊಟ್ಟುತೊಟ್ಟಾಗಿ ಅವನೊಳಗೆ ವಾಪಸು ಇಳಿಯತೊಡಗಿತು. ಹೊರಗೆ ಕತ್ತಲಾಗುವ ಹೊತ್ತು. ಮನೆಯಲ್ಲಿ ಅಮ್ಮ ಈಗ ಚಾಪೆ ಹಾಸುತ್ತಿರಬಹುದು. ಇನ್ನೂ ಮೂರು ತಿಂಗಳು ಅದೇ ಎಂಟು ಅಡಿ ದೂರ, ಅದೇ ಕುರ್ಚಿ. ಅಳೋಣವೆಂದರೆ ಕಣ್ಣಲ್ಲಿ ನೀರಿರಲಿಲ್ಲ.

ಹೆಂಡತಿ ಪಕ್ಕದ ಸ್ಟೂಲಿನಲ್ಲಿ ಕೂತು ಅವನ ಹಣೆ ಒರೆಸಿದಳು.

“ಆಗಿದ್ದು ಆಗಿಹೋಯ್ತು,” ಎಂದ ಅವನು. “ನಿನ್ನ ಮೇಲೆ ಸಿಟ್ಟಿಲ್ಲ. ಒಂದೇ ಒಂದು ಕೇಳ್ತೀನಿ, ಇಲ್ಲ ಅನ್ನಬೇಡ. ಮನೆಗೆ ಹೋದ ತಕ್ಷಣ ಆ ಚಕ್ರ ಸರಿ ಮಾಡಿಬಿಡು. ಇರೋ ತೂಕ ಇದ್ದ ಹಾಗೆ ತೋರಿಸಲಿ.”

ಹೆಂಡತಿ ಮೇಲಿನ ಬಾಟಲಿಯನ್ನು ನೋಡಿದಳು, ಅವನ ಹೊಟ್ಟೆಯನ್ನು ನೋಡಿದಳು, ಮುಂದಿನ ಮೂರು ತಿಂಗಳನ್ನು ಮನಸ್ಸಿನಲ್ಲೇ ನೋಡಿದಳು.

“ಮಾಡೋದಿಲ್ಲ,” ಎಂದಳು.