ಟೋರಿಲಳ ಕಂದು ಲಂಗ

"ಈ ವಸಂತದಲ್ಲಿ ಬಾತುಗಳ ಉಸ್ತುವಾರಿ ನನ್ನದು!" ಎಂದು ಯಾರ್ಲೆ ಅಡುಗೆಮನೆಯ ಮೇಜು ಕುಟ್ಟಿ ಘೋಷಿಸಿದ. ಬೇರೆ ದಾರಿಯೂ ಇರಲಿಲ್ಲ. ಬಾತಿನ ಗೂಡಿಗೆ ಒಣಪಾಚಿ ಹಾಸಲು ಹೋದ ಹೆಂಡತಿ ಟೋರಿಲ್ ಬಂಡೆಯ ಮೇಲೆ ಜಾರಿ ಬಿದ್ದು, ಅವಳ ಕಾಲೇ ಬಾತಿತ್ತು!

"ನಿನಗೆ ಬಾತುಗಳ ವಿಷಯ ಏನು ಗೊತ್ತು?"

"ಏನು ಗೊತ್ತಿಲ್ಲ, ಅದನ್ನು ಕೇಳು! ಮಾರ್ಚಿನಲ್ಲಿ ಕಡಲಬಾತಿನ ಹಿಂಡು ನಮ್ಮ ಕೊಲ್ಲಿಯಲ್ಲಿ ಇಳಿದು ದಣಿವಾರಿಸಿಕೊಳ್ತಿತ್ತಲ್ಲ, ಕಿಟಕಿಯಲ್ಲಿ ಕೂತೇ ಎಲ್ಲವನ್ನೂ ಗುರುತಿಸಿ ಪುಸ್ತಕದಲ್ಲಿ ಬರೆದಿದ್ದೇನೆ. ಉದ್ದಬಾಲದ್ದು, ಕಿತ್ತಳೆ ಕೊಕ್ಕಿನ ರಾಜಬಾತು, ನಮ್ಮ ಈಡರ್ ಬಾತು..."

"ನಮ್ಮ ಈಡರ್ ಬಂದಿರೋದು ಒಂದೇ, ಮಾರಾಯ. ಅದನ್ನ ಓಡಿಸಬೇಡ. ಅಷ್ಟು ಸಾಕು."

ನಾಲ್ಕು ವಸಂತಗಳಿಂದ ಆ ಗೂಡು ಖಾಲಿ ಬಿದ್ದಿತ್ತು. ತೇಲಿಬಂದ ಹಲಗೆಗಳಿಂದ ಟೋರಿಲಳ ಅಜ್ಜಿ ಕಟ್ಟಿದ ಗೂಡು ಅದು. ಕಡಲಿನ ಈಡರ್ ಬಾತು ಅಲ್ಲಿ ಮರಿ ಮಾಡಿ ಹೋದ ಮೇಲೆ ಉಳಿಯುವ ಮೆತ್ತನೆಯ ತುಪ್ಪುಳೇ ದ್ವೀಪದವರ ಸಂಪಾದನೆ. ಈ ವರ್ಷ ಒಂದೇ ಒಂದು ಕಂದು ಹೆಣ್ಣು ಬಂದು ಒಳಗೆ ಇಣುಕಿತ್ತು. ಬಾತು ದಡ ಹತ್ತಿದ ದಿನದಿಂದ ದ್ವೀಪದಲ್ಲಿ ನಾಯಿ ಕಟ್ಟುತ್ತಾರೆ, ಸುತ್ತಿಗೆ ಎತ್ತಿಡುತ್ತಾರೆ, ಕೆಮ್ಮು ಬಂದರೂ ನುಂಗುತ್ತಾರೆ.

ಯಾರ್ಲೆ ಹೊಚ್ಚ ಹೊಸ ಹಳದಿ ಮಳೆಯಂಗಿ ತೊಟ್ಟು ದಂಡನಾಯಕನಂತೆ ಹೊರಟ. ಹತ್ತೇ ನಿಮಿಷದಲ್ಲಿ ಮರಳಿದ.

"ಹೋಯ್ತು."

"ಎಲ್ಲಿಗೆ?"

"ನೀರಿಗೆ."

ಟೋರಿಲ್ ಅಂಗಿಯನ್ನು ನೋಡಿದಳು. ಹಣೆ ಚಚ್ಚಿಕೊಂಡಳು. "ಅದು ದಿನಾ ಕಂಡಿರೋದು ನನ್ನ ಕಂದು ಲಂಗ, ಬೂದು ತಲೆವಸ್ತ್ರ. ಗೂಟದಲ್ಲಿದೆ, ಹಾಕ್ಕೋ."

"ಲಂಗವಾ! ಮೂರು ಸಲ ದೋಣಿ ಪಂದ್ಯ ಗೆದ್ದ ನಾನು?"

"ಹಾಗಾದ್ರೆ ಬಾತಿಗೆ ಪಂದ್ಯದಲ್ಲಿ ಗೆದ್ದ ಕಪ್ ತೋರಿಸಿ ನೋಡು."

ಲಂಗ ಮೊಣಕಾಲಿಗೇ ನಿಂತಿತು. ಯಾರ್ಲೆ ಮೆಲ್ಲಗೆ ನಡೆದು ಗೂಡಿನ ಪಕ್ಕ ಕುಳಿತ. ಅಲೆಗಳ ಮೇಲೆ ಕಂದು ತಲೆಯೊಂದು ಇತ್ತ ತಿರುಗಿತು. ಬಾತು ದಡ ಹತ್ತಿತು.

ಆ ಹೊತ್ತಿಗೇ ನೆರೆಯ ಹಿಲ್ಡೂರಜ್ಜಿಯ ದೋಣಿ ಬರಬೇಕೆ! ಅಜ್ಜಿಗೆ ಕಣ್ಣು ಮಂಜು, ನಾಲಿಗೆ ಚುರುಕು. ಬಾತು ಬೆದರದಂತೆ ಪಿಸುಗುಟ್ಟಿದಳು:

"ಕಾಲು ವಾಸಿಯಾಯ್ತೇನೇ ಟೋರಿಲ್? ನಿನ್ನ ಗಂಡ ಎಲ್ಲಿ, ಕಿಟಕಿಯಲ್ಲಾ? ಮದುವೆ ದಿನವೇ ಹೇಳಿದ್ದೆ ತಾಯಿ, ಈ ಹುಡುಗ ದೋಣಿಗೂ ಬಾಯಲ್ಲೇ ಹುಟ್ಟು ಹಾಕ್ತಾನೆ ಅಂತ!"

ಯಾರ್ಲೆಯ ಗಂಟಲವರೆಗೆ ಉತ್ತರ ಬಂತು. ಗಂಡುದನಿ ಕೇಳಿದರೆ ಬಾತು ಹಾರೀತು. ನುಂಗಿದ. ತಲೆವಸ್ತ್ರ ಮುಂದಕ್ಕೆಳೆದು, ಹೌದೌದೆಂದು ತಲೆಯಾಡಿಸಿದ. ಬಾತು ಅವನ ಲಂಗದಂಚು ಸವರಿಕೊಂಡು ಗೂಡು ಹೊಕ್ಕಿತು. ಎದೆಯ ತುಪ್ಪುಳನ್ನು ಕಿತ್ತು ಪಾಚಿಯ ಮೇಲೆ ಹರಡತೊಡಗಿತು.

"ಕೂತಿತು, ಟೋರಿಲ್, ಕೂತಿತು!" ಮನೆಯೊಳಗೂ ಅವನದು ಪಿಸುಮಾತೇ.

ಟೋರಿಲಳ ಕಣ್ಣು ತುಂಬಿತು. "ಹಾಗಾದ್ರೆ ಮರಿಯಾಗೋವರೆಗೆ, ಇನ್ನೊಂದು ತಿಂಗಳು ಲಂಗ ಬಿಚ್ಚೋ ಹಾಗಿಲ್ಲ."

"ಮಧ್ಯೆ ಮೇ ಹದಿನೇಳರ ದೇಶದ ಹಬ್ಬದ ಮೆರವಣಿಗೆ ಇದೆಯಲ್ಲೇ!"

"ಅಲ್ಲಿಗೆ ಹೋಗೋಕೆ ದೋಣಿ ಹತ್ತೋದೂ ಗೂಡಿನ ಮುಂದೇ ತಾನೆ?"

ಯಾರ್ಲೆ ನಿಟ್ಟುಸಿರಿಟ್ಟು ತನ್ನ ಪುಸ್ತಕ ತೆರೆದು, ಗಾಂಭೀರ್ಯದಿಂದ ಬರೆದ: "ಈಡರ್, ಹೆಣ್ಣು, ಒಂದು."

ಟೋರಿಲ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಲೇಖನಿ ಕಸಿದುಕೊಂಡು, "ಒಂದು" ಎಂಬುದನ್ನು ಹೊಡೆದುಹಾಕಿ "ಎರಡು" ಎಂದು ತಿದ್ದಿದಳು.