ಬೆಳ್ಳಿಯ ಗೊರಸಿಗೆ ನಾನು ಹೊತ್ತ ಹರಕೆ

"ಮೂವತ್ತು ದಿನ ಕೊಡಿ ಮೇಡಂ! ಈ ಎರಡು ಮೇಕೆಗಳನ್ನೂ ಸಿಂಗಾಪುರದ ಬೀದೀಲಿ ಕುದುರೆ ಥರ ಓಡಿಸ್ತೀನಿ!"

ಹೀಗೆಂದು ಎದೆ ತಟ್ಟಿ ಘೋಷಿಸಿದವನು ನಾನೇ, ವೇಣುಗೋಪಾಲ್. ವಾಸ ಬೆಂಗಳೂರಿನ ಅಂಚಿನ ಸಿಂಗಾಪುರ, ವೃತ್ತಿಯಲ್ಲಿ ಯಶವಂತಪುರದ ಒಂದು ಲಾರಿ ಆಫೀಸಿನ ಬುಕಿಂಗ್ ಕ್ಲರ್ಕ್. ಘೋಷಣೆಯ ಸ್ಥಳ ಅಬ್ಬಿಗೆರೆಯಲ್ಲಿ ದಿಕ್ಕಿಲ್ಲದ ಪ್ರಾಣಿಗಳನ್ನು ತಂದಿಟ್ಟುಕೊಳ್ಳುವ ಒಂದು ಶೆಡ್ಡು. ಕೇಳಿಸಿಕೊಂಡವರು ಅದನ್ನು ನಡೆಸುವ ದನದ ಡಾಕ್ಟರು ಜೈನಾಬ್. ಅವರ ಹಿಂದೆ ನಿಂತಿದ್ದವು ಆ ಎರಡು ಮೇಕೆಗಳು. ಯಾರೋ ಬಾಡಿಗೆದಾರರು ಮನೆ ಖಾಲಿ ಮಾಡುವಾಗ ಮೂರನೇ ಮಹಡಿಯ ತಾರಸಿಯ ಮೇಲೆ ಕಟ್ಟಿದ ಹಾಗೇ ಬಿಟ್ಟುಹೋಗಿದ್ದರಂತೆ. ನಿಂತಲ್ಲೇ ನಿಂತೂ ನಿಂತೂ ಗೊರಸು ಸವೆಯದೆ ಬೆಳೆದು, ಜರಿ ಚಪ್ಪಲಿಯ ಮೂತಿಯ ಹಾಗೆ ಮೇಲಕ್ಕೆ ಸುರುಳಿ ಸುತ್ತಿಕೊಂಡಿತ್ತು. ಸಂದಿನಲ್ಲಿ ಕೊಳೆತ ವಾಸನೆ ಬೇರೆ. ಬಿಳಿ ಹೆಣ್ಣು ಮೇಕೆಯ ಹೆಸರು ಬೆಳ್ಳಿ. ಗಡ್ಡ ಬಿಟ್ಟು ಎಲ್ಲರನ್ನೂ ಕೀಳಾಗಿ ನೋಡುತ್ತಿದ್ದ ಗಂಡಿನ ಹೆಸರು ದಿವಾನ.

"ಸರ್, ಮೇಕೆ ಸಾಕಿ ಅನುಭವ ಇದ್ಯಾ?" ಡಾಕ್ಟರು ಕೇಳಿದರು.

"ಅನುಭವಾನಾ! ನಮ್ಮ ತಾತ ಮುನಿವೆಂಕಟಯ್ಯನವರು ಎಂಬತ್ತು ಮೇಕೆ ಸಾಕಿದ್ರು. ಗೊರಸಿನ ವಿಷಯ ನಮ್ಮ ರಕ್ತದಲ್ಲೇ ಇದೆ."

"ಎಂಬತ್ತಲ್ಲ, ಎಂಟು," ಎಂದಳು ಪಕ್ಕದಲ್ಲಿದ್ದ ನನ್ನ ಅಮ್ಮ ಸೊಣ್ಣಮ್ಮ. "ಅದ್ರಾಗೂ ಮೂರು ಪಕ್ಕದ್ಮನೇವು."

ಡಾಕ್ಟರು ನಗು ನುಂಗಿಕೊಂಡು ನಿಯಮ ಹೇಳಿದರು. ಒಣ ಜಾಗದಲ್ಲಿ ಕಟ್ಟಬೇಕು. ಗೊರಸನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಬೇಕು. ದಿನಾ ಹತ್ತು ನಿಮಿಷ ಔಷಧಿ ನೀರಿನಲ್ಲಿ ಕಾಲು ನೆನೆಸಬೇಕು. "ಮುಖ್ಯವಾದದ್ದು ಮೇವು. ಸೊಪ್ಪು, ಒಣಹುಲ್ಲು ಅಷ್ಟೇ. ಅನ್ನ, ಮುದ್ದೆ, ಇಡ್ಲಿ, ಬಿಸ್ಕತ್ತು ಏನೂ ಹಾಕ್ಬೇಡಿ. ಅದು ಹೊಟ್ಟೇಲಿ ಹುಳಿಯಾಗಿ ಉರಿಯೆಲ್ಲ ಗೊರಸಿಗೆ ಇಳಿಯುತ್ತೆ. ಮೂವತ್ತನೇ ದಿನ ನಾನೇ ಬಂದು ನೋಡ್ತೀನಿ. ಚೆನ್ನಾಗಿ ನಡೆದ್ರೆ ಶಾಶ್ವತವಾಗಿ ನಿಮಗೇ. ಇಲ್ಲಾಂದ್ರೆ ವಾಪಸ್ ಕರ್ಕೊಂಡು ಬಂದ್ಬಿಡ್ತೀನಿ, ಬೇಜಾರ್ ಮಾಡ್ಕೋಬಾರ್ದು."

ನಾನು ಕತ್ತು ಕಳಚಿ ಬೀಳುವಷ್ಟು ಜೋರಾಗಿ ತಲೆಯಾಡಿಸಿದೆ.

ಆಗ ಧನುರ್ಮಾಸ ಆರಂಭವಾಗಿ ಒಂದು ದಿನವಾಗಿತ್ತು. ಮೂವತ್ತನೇ ದಿನ ಎಂದರೆ ಸಂಕ್ರಾಂತಿಯ ಹಿಂದುಮುಂದು. ಅಮ್ಮ ಆಗಲೇ ಲೆಕ್ಕ ಹಾಕಿಬಿಟ್ಟಿದ್ದಳು. ನಮ್ಮ ಹೊಲದ ಮೇಲೆ ಲೇಔಟ್ ಬಂದಾಗಿನಿಂದ ನಮ್ಮ ಮನೆಯಲ್ಲಿ ಸಂಕ್ರಾಂತಿಗೆ ಮೈ ತೊಳೆಯಲು ಒಂದು ಕೋಳಿಯೂ ಇರಲಿಲ್ಲ. "ಈ ಸಲ ಇವುಕ್ಕೆ ಕೊಂಬಿಗೆ ಬಣ್ಣ ಬಳಿತೀನಿ, ಕುತ್ಗೆಗೆ ಗೆಜ್ಜೆ ಕಟ್ತೀನಿ," ಎಂದು ದಾರಿಯುದ್ದಕ್ಕೂ ಹೇಳುತ್ತಾ ಬಂದಳು. ಬೆಳಗಿನಿಂದ ಸಂಜೆಯವರೆಗೆ ಟೀವಿಯ ಮುಂದೆ ಕೂತಿರುತ್ತಿದ್ದ ಅಮ್ಮ ಮರುದಿನ ಆರು ಗಂಟೆಗೇ ಹಿತ್ತಲಿನಲ್ಲಿದ್ದಳು. ಅದನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಈ ಮೇಕೆಗಳು ವಾಪಸ್ ಹೋಗಬಾರದು ಎಂದು ಅವತ್ತೇ ನಿಶ್ಚಯಿಸಿದೆ.

ಗೊರಸು ಕತ್ತರಿಸುವ ಮಹಾಕಾರ್ಯ ಮೊದಲ ಭಾನುವಾರ ನಡೆಯಿತು. ಗುಲಾಬಿ ಗಿಡ ಕತ್ತರಿಸುವ ಕತ್ತರಿಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಶಸ್ತ್ರವೈದ್ಯನಂತೆ ತೋಳು ಮಡಚಿ ದಿವಾನನ ಹಿಂಗಾಲು ಹಿಡಿದೆ. ದಿವಾನ ಒಂದೇ ಒಂದು ಸಲ ಕಾಲು ಝಾಡಿಸಿದ. ಕತ್ತರಿ ಬೇವಿನ ಮರದ ಬುಡದಲ್ಲಿ, ನಾನು ಹಿಕ್ಕೆಯ ಬುಟ್ಟಿಯಲ್ಲಿ!

"ರೀ, ಇತ್ಲಾಗ್ ಕೊಡಿ," ಎಂದಳು ನನ್ನ ಹೆಂಡತಿ ಜ್ಯೋತಿಲಕ್ಷ್ಮಿ. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಇಪ್ಪತ್ತು ವರ್ಷ ಕತ್ತರಿ ಹಿಡಿದ ಕೈ. ಮೇಕೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮಣ್ಣು ಕೆರೆದು, ಕಾಲರ್ ಪಟ್ಟಿ ಕತ್ತರಿಸಿದಷ್ಟು ಸಲೀಸಾಗಿ ಸುರುಳಿಯನ್ನೆಲ್ಲ ತೆಗೆದುಬಿಟ್ಟಳು. ಒಂದು ಹನಿ ರಕ್ತವಿಲ್ಲ.

"ನೀವು ತಲೆ ಹಿಡ್ಕೊಳ್ಳಿ ಸಾಕು."

"ನಾನು ಮೇಲ್ವಿಚಾರಣೆ ಮಾಡ್ತಿದ್ದೀನಿ!"

"ಅದನ್ನೂ ಕೊಂಬು ಹಿಡ್ಕೊಂಡೇ ಮಾಡಿ."

ಔಷಧಿ ನೀರಿನದು ಇನ್ನೊಂದು ಕಥೆ. ನೇರಳೆ ಬಣ್ಣದ ನೀರನ್ನು ಟಬ್ಬಿಗೆ ತುಂಬಿ ದಿವಾನನನ್ನು ನಿಲ್ಲಿಸಿದೆ. ಎರಡು ನಿಮಿಷ ಗಂಭೀರವಾಗಿ ನಿಂತ. ನಾನು ಮೊಬೈಲಿನಲ್ಲಿ ಫೋಟೋ ತೆಗೆಯಲು ಹಗ್ಗ ಬಿಟ್ಟೆ ನೋಡಿ, ಟಬ್ಬಿನಿಂದ ಹಾರಿ, ಹಿತ್ತಲ ಬಾಗಿಲಲ್ಲಿ ನುಗ್ಗಿ, ಫಾಲ್ಸ್ ಹಾಕಲು ಬಂದಿದ್ದ, ಜ್ಯೋತಿಯ ಗಿರಾಕಿ ಕಲಾವತಿಯವರ ಕೆನೆಬಣ್ಣದ ರೇಷ್ಮೆ ಸೀರೆಯ ಮೇಲೆ ಹಾದು, ದೇವರ ಕೋಣೆಯಲ್ಲಿ ನಿಂತ! ಸೀರೆಯ ಸೆರಗಿನ ಮೇಲೆ ನೇರಳೆ ಬಣ್ಣದ ನಾಲ್ಕು ಮೊಹರು. ಕಲಾವತಿಯವರ ಮನೆಗೆ ಹೋಗಿ ಕ್ಷಮೆ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಏನೇನು ಅಂದರು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಅವತ್ತಿನಿಂದ ಕಾಲು ನೆನೆಸುವ ಕೆಲಸವೂ ಜ್ಯೋತಿಯದೇ ಆಯಿತು. ನನಗೆ ಉಳಿದದ್ದು ಆಫೀಸಿನಲ್ಲಿ ವರದಿ ಒಪ್ಪಿಸುವ ಕೆಲಸ.

ವರದಿಯಂತೂ ಭರ್ಜರಿಯಾಗಿತ್ತು! ಹನ್ನೆರಡನೇ ದಿನದ ಹೊತ್ತಿಗೆ ದಿವಾನ ಬೇವಿನ ಕಟ್ಟೆ ಹತ್ತಿ ಭಾಷಣ ಮಾಡುವಂತೆ ನಿಲ್ಲುತ್ತಿದ್ದ. ಬೆಳ್ಳಿ ಹಿತ್ತಲೆಲ್ಲ ಓಡಾಡುತ್ತಿದ್ದಳು. ಮುಂದಿನ ಎಡಗಾಲಲ್ಲಿ ಮಾತ್ರ ಸಣ್ಣ ಕುಂಟು ಉಳಿದಿತ್ತು.

"ಅದು ನಿಧಾನವಾಗಿ ಹೋಗುತ್ತೆ ಅಂದಿದ್ದಾರಲ್ಲ ಡಾಕ್ಟ್ರು," ಎಂದಳು ಜ್ಯೋತಿ.

ನಿಧಾನ! ಅರೆಬರೆ ಕೆಲಸ ಈ ವೇಣುಗೋಪಾಲನ ಜಾಯಮಾನದಲ್ಲೇ ಇಲ್ಲ. ವೈದ್ಯ ಮುಟ್ಟದ್ದನ್ನು ದೈವ ಮುಟ್ಟಲಿ ಎಂದು ಹರಕೆ ಹೊತ್ತೆ. ಧನುರ್ಮಾಸ ಮುಗಿಯುವವರೆಗೆ ದಿನಾ ಬೆಳಗಿನ ಜಾವ ಐದಕ್ಕೆ ತಣ್ಣೀರು ಸ್ನಾನ ಮಾಡಿ ನಮ್ಮ ಆಂಜನೇಯನ ಗುಡಿಯಲ್ಲಿ ಬೆಳ್ಳಿಯ ಹೆಸರಿನಲ್ಲಿ ಹನ್ನೊಂದು ಪ್ರದಕ್ಷಿಣೆ! ಡಿಸೆಂಬರಿನ ಚಳಿಯಲ್ಲಿ ಹಲ್ಲು ಕಟಕಟಿಸುತ್ತಾ ಸುತ್ತಿದೆ. ಅರ್ಚಕರು ಸಂಕಲ್ಪಕ್ಕೆ ಹೆಸರು ಕೇಳಿದಾಗ "ಬೆಳ್ಳಿ" ಎಂದೆ. ಗೋತ್ರ ಕೇಳಿದಾಗ ನಮ್ಮದನ್ನೇ ಕೊಟ್ಟೆ.

ಪ್ರದಕ್ಷಿಣೆ ಮುಗಿದರೆ ಧನುರ್ಮಾಸದ ಪ್ರಸಾದ. ದೊನ್ನೆ ತುಂಬ ಬಿಸಿಬಿಸಿ ಸಿಹಿ ಪೊಂಗಲ್. ಬೆಲ್ಲ, ತುಪ್ಪ, ದ್ರಾಕ್ಷಿ! ಆದರೆ ನನಗೆ ಶುಗರ್ರು. ಮನೆಯಲ್ಲಿ ಜ್ಯೋತಿ ಸಕ್ಕರೆ ಡಬ್ಬಿಯನ್ನೇ ಬಚ್ಚಿಡುವವಳು. ತಿನ್ನುವಂತಿಲ್ಲ. ಪ್ರಸಾದವನ್ನು ಬೇಡ ಎನ್ನುವಂತಿಲ್ಲ, ಚೆಲ್ಲುವಂತೆಯೂ ಇಲ್ಲ. ಏನು ಮಾಡಲಿ? ಉತ್ತರ ಸುಲಭವಾಗಿ ಹೊಳೆಯಿತು. ಹರಕೆ ಯಾರದು? ಬೆಳ್ಳಿಯದು. ಅಂದ ಮೇಲೆ ಪ್ರಸಾದ ಯಾರಿಗೆ ಸೇರಬೇಕು? ಬೆಳ್ಳಿಗೆ!

ಬೆಳ್ಳಿ ಕಣ್ಣು ಮುಚ್ಚಿ ಭಕ್ತಿಯಿಂದ ಸ್ವೀಕರಿಸಿದಳು. ದೊನ್ನೆಯನ್ನೂ ಬಿಡದೆ ಅಗಿದು ನುಂಗಿದಳು. ದಿವಾನ ಆಚೆ ಗೂಟದಲ್ಲಿ ಕಟ್ಟಿದ್ದರಿಂದ ಅವನಿಗೆ ಆ ಭಾಗ್ಯ ಇರಲಿಲ್ಲ.

"ಪ್ರಸಾದ ತಿಂದ್ರಾ?" ಜ್ಯೋತಿ ರಂಗೋಲಿ ಹಾಕುತ್ತಾ ಅನುಮಾನದಿಂದ ಕೇಳುತ್ತಿದ್ದಳು.

"ನಿನ್ನಾಣೆ, ಒಂದು ಅಗುಳೂ ಮುಟ್ಟಿಲ್ಲ. ಹಸಿದವರಿಗೆ ಕೊಟ್ಟುಬಿಟ್ಟೆ."

"ಒಳ್ಳೇದಾಯ್ತು ಬಿಡಿ," ಎಂದು ಅವಳು ಮೊದಲ ಸಲ ನನ್ನನ್ನು ಹೆಮ್ಮೆಯಿಂದ ನೋಡಿದಳು.

ಒಂದು ವಾರ ಕಳೆಯಿತು. ಬೆಳ್ಳಿಯ ಕುಂಟು ಕಡಿಮೆಯಾಗುವ ಬದಲು ಬಲಗಾಲಿಗೂ ಬಂತು. ನಾನು ಹೆದರಿ ಪ್ರದಕ್ಷಿಣೆಯನ್ನು ಇಪ್ಪತ್ತೊಂದಕ್ಕೆ ಏರಿಸಿದೆ. ಅರ್ಚಕರು ನನ್ನ ಶ್ರದ್ಧೆಗೆ ಮೆಚ್ಚಿ ಎರಡು ದೊನ್ನೆ ಕೊಡತೊಡಗಿದರು. ಎರಡನ್ನೂ ಬೆಳ್ಳಿಗೇ ಅರ್ಪಿಸಿದೆ. ಕುಂಟು ಇನ್ನೂ ಹೆಚ್ಚಿತು. ಪ್ರದಕ್ಷಿಣೆ ನಲವತ್ತೆಂಟಾಯಿತು. ದೊನ್ನೆ ಮೂರಾಯಿತು! ನನ್ನ ಶುಗರ್ರು ಮಾತ್ರ ಇಷ್ಟು ವರ್ಷದಲ್ಲಿ ಮೊದಲ ಸಲ ಹತೋಟಿಗೆ ಬಂತು.

ನಡುವೆ ಒಂದು ಅದ್ಭುತವೂ ನಡೆಯಿತು. ನಾನು ದೊನ್ನೆ ಹಿಡಿದು ಹೋದರೆ ಬೆಳ್ಳಿ ಮುಂದಿನ ಎರಡೂ ಕಾಲು ಮಡಚಿ ಮಂಡಿಯೂರಿ ಸ್ವೀಕರಿಸತೊಡಗಿದಳು. ನನಗೆ ರೋಮಾಂಚನವಾಯಿತು! ಮೂಕಪ್ರಾಣಿಗೆ ಎಂಥ ಸಂಸ್ಕಾರ!

"ಅಮ್ಮ, ನೋಡು, ನಮಸ್ಕಾರ ಮಾಡ್ತಾಳೆ!"

"ಹುಲ್ಲು ಮೇಯುವಾಗ್ಲೂ ಅಂಗೇ ಬಗ್ತೈತೆ ಕಣಪ್ಪ," ಎಂದಳು ಅಮ್ಮ. ಅವಳ ಮುಖ ಬಾಡಿತ್ತು. "ನಂಗ್ಯಾಕೋ ಸರಿ ಕಾಣ್ತಿಲ್ಲ. ಅಬ್ಬ ಬೇರೆ ಅತ್ರ ಬಂತು."

ಮೂವತ್ತನೇ ದಿನ ಡಾಕ್ಟರ್ ಜೈನಾಬ್ ಹೇಳಿದ ಸಮಯಕ್ಕೆ ಸರಿಯಾಗಿ ಬಂದರು. ಹಿಂದೆಯೇ ಒಂದು ಖಾಲಿ ಟೆಂಪೋ. ಅದನ್ನು ಕಂಡದ್ದೇ ಅಮ್ಮ ಹೋಗಿ ಬೆಳ್ಳಿಯ ಹಗ್ಗ ಹಿಡಿದು ನಿಂತುಬಿಟ್ಟಳು.

ದಿವಾನನ ನಾಲ್ಕೂ ಗೊರಸನ್ನು ತಿರುಗಿಸಿ ನೋಡಿದ ಡಾಕ್ಟರು, "ಎಷ್ಟು ನೀಟಾಗಿ ಕತ್ತರಿಸಿದ್ದೀರಿ! ಯಾರು ಮಾಡಿದ್ದು?" ಎಂದರು.

"ನಮ್ಮ ಮನೇಲೇ," ಎಂದು ನಾನು ಹಲ್ಲು ಕಿರಿದೆ. ಜ್ಯೋತಿ ನನ್ನತ್ತ ಒಂದು ನೋಟ ಬಿಟ್ಟು, "ನಾನೇ ಮೇಡಂ," ಎಂದಳು.

ಆಮೇಲೆ ಬೆಳ್ಳಿಯ ಸರದಿ. ಅವಳು ಡಾಕ್ಟರನ್ನು ನೋಡಿ ಎರಡು ಹೆಜ್ಜೆ ಇಟ್ಟು ಮಂಡಿಯೂರಿದಳು.

"ನೋಡಿದ್ರಾ ಮೇಡಂ, ನಿಮಗೂ ನಮಸ್ಕಾರ ಮಾಡಿದ್ಲು!"

"ನಮಸ್ಕಾರ ಅಲ್ಲ ಸರ್. ಕಾಲೂರೋಕೆ ಆಗ್ದಷ್ಟು ನೋವು. ಅದಕ್ಕೆ ಮಂಡಿ ಮೇಲೆ ನಿಂತಿದ್ದಾಳೆ." ಅವರು ಗೊರಸಿನ ಮೇಲೆ ಅಂಗೈ ಇಟ್ಟರು. "ಸುಡ್ತಾ ಇದೆ. ಮುಟ್ಟಿ ನೋಡಿ."

ಮುಟ್ಟಿದೆ. ಬಿಸಿ ಲೋಟ ಮುಟ್ಟಿದ ಹಾಗಿತ್ತು. ಬೆಳ್ಳಿ ಕಾಲು ಎಳೆದುಕೊಂಡು ಸಣ್ಣಗೆ ಅರಚಿದಳು. ಇಷ್ಟು ದಿನ ಅವಳು ನೋವಿನಿಂದ ಮಂಡಿಯೂರುವುದನ್ನು ನಾನು ನಿಂತು ಆನಂದಿಸಿದ್ದೆನಲ್ಲ!

"ಕೊಳೆ ವಾಸಿಯಾಗಿದೆ, ಗೊರಸೂ ಚೆನ್ನಾಗಿದೆ. ಇದು ಹೊಟ್ಟೆಯಿಂದ ಬಂದಿರೋ ಉರಿ," ಎಂದರು ಡಾಕ್ಟರು. "ಇಬ್ರಿಗೂ ಒಂದೇ ಔಷಧಿ, ಒಂದೇ ಹುಲ್ಲು. ದಿವಾನ ಆರಾಮಾಗಿದ್ದಾನೆ. ಅಂದ್ರೆ ಇವಳೊಬ್ಬಳಿಗೇ ಯಾರೋ ಅನ್ನ ಬೆಲ್ಲ ಏನೋ ಹಾಕಿದ್ದೀರಿ. ನಿಜ ಹೇಳಿ. ಹೀಗಾದ್ರೆ ನಾನು ಇಲ್ಲಿ ಬಿಡೋಕಾಗಲ್ಲ."

ನನಗೆ ರೋಷ ಉಕ್ಕಿತು. ನನ್ನ ಮನೆಯಲ್ಲಿ ದ್ರೋಹ! ಅಲ್ಲೇ ವಿಚಾರಣೆ ಶುರು ಮಾಡಿದೆ.

"ಅಮ್ಮ, ಮುದ್ದೆ ಹಾಕಿದ್ಯಾ?"

"ಮೇಕೆಗೆ ಮುದ್ದೆ ಆಕೋಕೆ ನಂಗೇನ್ ತಲೆ ಕೆಟ್ಟೈತಾ?"

"ಜ್ಯೋತಿ, ಮಿಕ್ಕಿದ ಇಡ್ಲಿ?"

"ನಮ್ಮನೇಲಿ ಇಡ್ಲಿ ಯಾವತ್ತು ಮಿಕ್ಕಿದೆ? ನೀವಿದ್ದೀರಲ್ಲ!"

"ಹಾಗಾದ್ರೆ ಇನ್ಯಾರು? ದೇವರಾಣೆ ಹೇಳ್ತೀನಿ ಮೇಡಂ, ಈ ಕೈಯಲ್ಲಿ ನಾನು ಅವಳಿಗೆ ಏನೂ ತಿನ್ನಿಸಿಲ್ಲ. ದಿನಾ ಬೆಳಗ್ಗೆ ಸ್ನಾನ ಮಾಡಿ ಹೋಗಿ, ಅವಳ ಹೆಸರಲ್ಲಿ ಪ್ರದಕ್ಷಿಣೆ ಹಾಕಿ, ಬರೀ ಪ್ರಸಾದ ಕೊಟ್ಟಿದ್ದೀನಿ ಅಷ್ಟೇ!"

ಅಮ್ಮನೂ ಜ್ಯೋತಿಯೂ ಒಟ್ಟಿಗೆ ನನ್ನತ್ತ ತಿರುಗಿದರು.

"ಏನ್ ಪ್ರಸಾದ ಸರ್?" ಡಾಕ್ಟರು ಮೆಲ್ಲಗೆ ಕೇಳಿದರು.

"ಸಿಹಿ ಪೊಂಗಲ್."

"ಎಷ್ಟು?"

"ಮೊದ್ಲು ಒಂದು ದೊನ್ನೆ. ಕುಂಟು ಜಾಸ್ತಿಯಾದ ಮೇಲೆ ಮೂರು."

"ಸರ್, ಪೊಂಗಲ್‌ನಲ್ಲಿ ಇರೋದು ಅನ್ನ ಅಲ್ವಾ?"

"ಅಯ್ಯೋ, ಪ್ರಸಾದ ಅನ್ನ ಹೇಗಾಗುತ್ತೆ ಮೇಡಂ?" ಎಂದೆ. ಬಾಯಿಂದ ಹೊರಬಿದ್ದ ಮೇಲೆ ನನಗೇ ಅರ್ಥವಾಯಿತು.

"ಹಸಿದವರಿಗೆ ಕೊಟ್ಟೆ ಅಂತಿದ್ರಲ್ಲ, ಆ ಹಸಿದವರು ಇವಳೇನಾ?" ಜ್ಯೋತಿ ಸೊಂಟದ ಮೇಲೆ ಕೈಯಿಟ್ಟಳು. ನಾನು ದಿವಾನನ ಹಿಂದೆ ಸರಿದು ನಿಂತೆ.

ಅಮ್ಮ ಹಗ್ಗ ಬಿಡದೆಯೇ ಮುಂದೆ ಬಂದಳು. ಕಣ್ಣಲ್ಲಿ ನೀರಿತ್ತು. "ಡಾಕ್ಟ್ರಮ್ಮ, ನನ್ ಮಗ ಮಾಡಿದ್ ತಪ್ಪಿಗೆ ಈ ಮೂಕಪ್ರಾಣಿಗುಳ್ನ ಯಾಕ್ ಕರ್ಕೊಂಡೋಗ್ತೀಯ? ಟೆಂಪೋ ಹೆಂಗೂ ತಂದಿದ್ಯಲ್ಲ, ಅವನ್ನೇ ಆಕ್ಕೊಂಡೋಗು."

ಡಾಕ್ಟರು ಜೋರಾಗಿ ನಕ್ಕುಬಿಟ್ಟರು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಸದ್ಯ, ಬೇಡ ಅನ್ನಿಸಿರಬೇಕು. ಬೆಳ್ಳಿಗೆ ನೋವಿನ ಇಂಜೆಕ್ಷನ್ ಕೊಟ್ಟು, ಕಾಲಿಗೆ ತಣ್ಣೀರು ಹಾಕಲು ಹೇಳಿ, ಮಲಗಲು ಮೆತ್ತಗೆ ಮರಳು ಹಾಸಿಸಿದರು. "ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು. ಪೊಂಗಲ್ ನಿಂತ್ರೆ ಸಾಕು, ನಿಧಾನವಾಗಿ ನಡೀತಾಳೆ. ಅಜ್ಜಿ, ಹಗ್ಗ ಬಿಡಿ, ನಾನು ಕರ್ಕೊಂಡು ಹೋಗಲ್ಲ. ನಿಮ್ಮ ಸೊಸೆ ಕೈಯಲ್ಲಿ ದಿವಾನನ ಕಾಲು ಎಷ್ಟು ಚೆನ್ನಾಗಾಗಿದೆ ಅಂತ ನೋಡಿದ ಮೇಲೆ ನನಗೆ ನಂಬಿಕೆ ಬಂದಿದೆ."

ಅಮ್ಮ ಕಣ್ಣೊರೆಸಿಕೊಂಡು ಬಣ್ಣದ ಡಬ್ಬಿ ಹುಡುಕಲು ಓಡಿದಳು. ನನಗೂ ಹೋದ ಜೀವ ಬಂದಂತಾಯಿತು.

ಡಾಕ್ಟರು ಚೀಲದಿಂದ ಫಾರಂ ತೆಗೆದು ಜ್ಯೋತಿಗೆ ಕೊಟ್ಟರು. ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಸರಸರ ತುಂಬಿದ ಅವಳು ಕೊನೆಯ ಸಾಲಿಗೆ ಬಂದು ಪೆನ್ನು ನಿಲ್ಲಿಸಿದಳು. ನಾನು ಬಗ್ಗಿ ಓದಿದೆ. "ಮನೆಯಲ್ಲಿ ಈ ಮೇಕೆಗಳಿಗೆ ಅಪಾಯ ಉಂಟುಮಾಡಬಹುದಾದ ಬೇರೆ ಪ್ರಾಣಿಗಳಿದ್ದರೆ ವಿವರ."

"ನಾಯಿ ಇಲ್ಲ, ಬೆಕ್ಕಿಲ್ಲ. ಇಲ್ಲ ಅಂತ ಬರಿ," ಎಂದು ಸಹಾಯ ಮಾಡಿದೆ.

ಜ್ಯೋತಿ ಯೋಚಿಸಿ, ಮುತ್ತಿನಂಥ ಅಕ್ಷರದಲ್ಲಿ ಏನೋ ಬರೆದಳು. ಡಾಕ್ಟರು ಓದಿ, ಒಂದಕ್ಷರವನ್ನೂ ತಿದ್ದದೆ ಸಹಿ ಹಾಕಿದರು.

ಬಣ್ಣದ ಡಬ್ಬಿ ಹಿಡಿದು ಬಂದ ಅಮ್ಮ, "ಅದೇನ್ ಬರ್ದೆ, ಓದವ್ವ," ಎಂದಳು.

"ವೇಣುಗೋಪಾಲ್ ಅಂತ ಬರ್ದೆ ಅತ್ತೆ."

ಅಮ್ಮ ಕ್ಷಣ ಯೋಚಿಸಿದಳು. "ಇನಿಸಿಯಲ್ಲೂ ಆಕವ್ವ. ಮೂರ್ನೇ ಕ್ರಾಸ್‌ನಾಗೂ ಒಬ್ಬ ವೇಣುಗೋಪಾಲ ಅವ್ನೆ. ಪಾಪ, ಅವ್ನು ಒಳ್ಳೇವ್ನು."